ದೂರದಿಂದ ಕಾಣುವ ನಂಬರು

ಮೊನ್ನೆ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯೊಂದರಲ್ಲಿ ಚಿಕ್ಕಮ್ಮನ ಮಗಳಿಗೆಂದು ವೈಟ್‌ಬೋರ್ಡಿನ ಮಾರ್ಕರ್ ಕೊಳ್ಳಲು ನಿಂತಿದ್ದೆ. ಅಂಗಡಿಯವರು "ಬರೀತದೋ ಇಲ್ವೋ ನೀವೇ ನೋಡ್ಕೊಳ್ಳಿ ಮೇಡಂ" ಎಂದು ಮುಚ್ಚಳ ತೆಗೆದು ಕೈಗೆ ಕೊಟ್ಟರು. ಆ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಚ್ಚಳ ಹಾಕಿಬಿಟ್ಟೆ. ಬರೆದು ನೋಡಲೂ ಇಲ್ಲ, ಕೊಂಡು ಬಂದುಬಿಟ್ಟೆ. ಎರಡನೇ ಪಿಯುಸಿಯ ಆ ವರ್ಷ, ಮಳೆಗಾಲ ಶುರುವಾದಾಗಿನಿಂದ ಡಿಸೆಂಬರಿನ ಚಳಿಯವರೆಗೆ, ಸಂಜೆಯಾದರೆ ನಾನು ಉಸಿರಾಡಿದ್ದು ಅದನ್ನೇ.

ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಕೋಚಿಂಗ್ ಕ್ಲಾಸು. ದೊಡ್ಡ ಕಾನೂನು ಕಾಲೇಜುಗಳಿಗೆ ಸೇರಲು ದೇಶದ ಮಕ್ಕಳೆಲ್ಲ ಬರೆಯುವ ಪ್ರವೇಶ ಪರೀಕ್ಷೆಗೆ ಅಲ್ಲಿ ತಯಾರಿ ಮಾಡಿಸುತ್ತಿದ್ದರು. ಕಿಟಕಿ ತೆಗೆದರೆ ಮೆಟ್ರೋ ಸದ್ದು, ಮುಚ್ಚಿದರೆ ಮಾರ್ಕರಿನ ವಾಸನೆ. ಕ್ಲಾಸಿನ ಯಜಮಾನರನ್ನು ಎಲ್ಲರೂ ಡೈರೆಕ್ಟರ್ ಸರ್ ಎನ್ನುತ್ತಿದ್ದೆವು. ಚೆನ್ನಾಗಿ ಪಾಠ ಮಾಡುತ್ತಿದ್ದರು, ಅದನ್ನು ಇಲ್ಲವೆನ್ನಲಾರೆ. ಆ ಪರೀಕ್ಷೆಯಲ್ಲಿ ಒಂದು ನಿಯಮ ಕೊಟ್ಟು, ಒಂದು ಘಟನೆ ಕೊಟ್ಟು, ನಿಯಮದ ಪ್ರಕಾರ ತಪ್ಪು ಯಾರದು ಎಂದು ಕೇಳುತ್ತಾರೆ. ನಿಯಮವೇ ಅನ್ಯಾಯದ್ದಾಗಿದ್ದರೂ ಅದನ್ನೇ ಅನ್ವಯಿಸಬೇಕು. ನಾನು ಮೊದಮೊದಲು ತಪ್ಪುತ್ತಿದ್ದದ್ದು ಅಲ್ಲೇ. "ನ್ಯಾಯ ಅನ್ಯಾಯ ಎಲ್ಲ ಮನೇಲಿ ಬಿಟ್ಟು ಬಾಮ್ಮಾ" ಎಂದು ಸರ್ ನಗುತ್ತಿದ್ದರು. "ಇಲ್ಲಿ ಬೇಕಾಗಿರೋದು ಮಾರ್ಕ್ಸು."

ನಮ್ಮ ಮನೆ ಹಲಸೂರಿನಲ್ಲಿ, ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಬೀದಿಯಲ್ಲಿ. ಅಮ್ಮ ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಅಪ್ಪ ಕೋರ್ಟಿನಲ್ಲಿ ದಲಾಯತ್. ಕೇಸಿನ ಸರದಿ ಬಂದಾಗ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಯಾರ ಹೆಸರನ್ನಾದರೂ ಸರಿ, ಉಚ್ಚಾರ ಕೆಡದ ಹಾಗೆ ಕೂಗುತ್ತಾನೆಂದು ಅವನಿಗೊಂದು ಹೆಮ್ಮೆ. ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದೂ ಹಾಗೆಯೇ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸುಜಾತಾ... ಸುಜಾತಾ... ಸುಜಾತಾ ಹಾಜರಿದಾರಾ?" ನಾನು ಕಂಬಳಿಯೊಳಗಿಂದಲೇ "ವಾಯಿದೆ ಬೇಕು ಸ್ವಾಮಿ" ಎನ್ನಬೇಕು. "ವಾಯಿದೆ ವಜಾ. ಎದ್ದೇಳು, ಪೇಪರ್ ಬಂದೈತೆ." ಆಮೇಲೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ನಾನು ಗಟ್ಟಿಯಾಗಿ ಓದುವುದು, ಅವನು ಗಡ್ಡ ಹೆರೆದುಕೊಳ್ಳುತ್ತಾ ಕೇಳುವುದು. ಅರ್ಧ ತಿಳಿಯುತ್ತಿತ್ತೋ ಇಲ್ಲವೋ, ನಾನು ಎಲ್ಲಾದರೂ ತಡವರಿಸಿದರೆ ಮಾತ್ರ ಕನ್ನಡಿಯಿಂದ ಮುಖ ತಿರುಗಿಸಿ ನೋಡುತ್ತಿದ್ದ.

ಕ್ಲಾಸು ಶುರುವಾದ ಮೊದಲ ವಾರವೇ ಅಪೂರ್ವಾ ಸಿಕ್ಕಳು. ಜೋರು ಮಳೆ, ಮೆಟ್ಟಿಲ ಮೇಲೆಲ್ಲ ನೀರು. ಒದ್ದೆಯಾದ ದುಪ್ಪಟ್ಟಾ ಹಿಂಡುತ್ತಾ ನಿಂತಿದ್ದವಳು ನನ್ನ ಹೆಸರು ಕೇಳಿ ಕಿಲಕಿಲ ನಕ್ಕಳು.

"ಸುಜಾತಾನಾ? ಅದು ನಮ್ಮ ಸೋದರತ್ತೆ ಹೆಸ್ರು ಕಣೇ! ನಮ್ ವಯಸ್ಸಿನವರಿಗೆ ಯಾರಿಡ್ತಾರೆ ಆ ಹೆಸ್ರು?"

"ಬುದ್ಧನಿಗೆ ಪಾಯಸ ಕೊಟ್ಟೋಳ ಹೆಸ್ರು ಅದು. ನಮ್ಮಪ್ಪ ಇಟ್ಟಿದ್ದು."

"ಹಂಗಾದ್ರೆ ನಾನು ನಿನ್ನ ಪಾಯಸ ಅಂತ ಕರೀತೀನಿ."

ಕರೆದಳು ಕೂಡ. ಅವಳದು ಧಾರವಾಡದ ಕಡೆಯ ಕುಟುಂಬ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳಪ್ಪನಿಗೆ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆ, ಮನೆ ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ. ಇಂಗ್ಲಿಷಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಲಾಜಿಕ್ ನನಗೆ ಸಲೀಸು, ಕಾನೂನಿನ ಪ್ರಶ್ನೆಗಳೂ ಬೇಗನೆ ಹಿಡಿತಕ್ಕೆ ಬಂದವು. ಹಾಗಾಗಿ ಭಾನುವಾರ ಅವಳ ಮನೆಯಲ್ಲಿ ಕೂತು ಓದುವುದೆಂದಾಯಿತು. ನನ್ನ ಉಚ್ಚಾರವನ್ನು ನಗದೆ ತಿದ್ದಿದವಳು ಅವಳೊಬ್ಬಳೇ. ನನಗೆ ಅಷ್ಟು ಹತ್ತಿರದ ಗೆಳತಿ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ಅವಳ ಅಮ್ಮ ನನ್ನನ್ನು ಕಂಡರೆ ಕರಗಿಹೋಗುತ್ತಿದ್ದರು. "ಬಾರವ್ವಾ, ಒಳಗ ಬಾ. ರೊಟ್ಟಿ ಬಿಸಿ ಅದಾವ, ಉಂಡ ಓದ್ರಿ." ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಕೆನೆಮೊಸರು. "ನಮ್ಮ ಅಪೂರ್ವಾಗ ನೀನೇ ಲಾಜಿಕ್ ಕಲಿಸಬೇಕ ನೋಡು. ಆಕಿ ಬರೇ ಇಂಗ್ಲಿಷ್‌ನ್ಯಾಗ ಶಾಣ್ಯಾಕಿ." ಒಂದು ಭಾನುವಾರ ರೊಟ್ಟಿ ಬಡಿಸುತ್ತಾ ಕೇಳಿದರು, "ನೀವು ಯಾವ ಪೈಕಿ ಅವ್ವಾ?"

"ಬೌದ್ಧರು ಆಂಟಿ."

"ಹೌದೇನ? ಬುದ್ಧ ಅಂದ್ರ ಮನಸ್ಸಿಗೆ ಭಾಳ ಶಾಂತಿ ನೋಡು. ನಮ್ಮಲ್ಲೂ ಒಬ್ಬಾಂವ ಅದಾನ" ಎಂದು ಬಾಗಿಲ ಕಡೆ ಕೈ ತೋರಿಸಿದರು. ಚಪ್ಪಲಿ ಇಡುವ ಕಪಾಟಿನ ಮೇಲೆ ಬುದ್ಧನ ತಲೆ, ಅದರ ಕೆಳಗೆ ಪುಟ್ಟ ಕಾರಂಜಿ. ನಾನು "ಚೆನ್ನಾಗಿದೆ ಆಂಟಿ" ಎಂದೆ. ಇನ್ನೊಂದು ರೊಟ್ಟಿ ಹಾಕಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಊಟ ಮಾಡುತ್ತಾ ಯಾರು ಹೇಳುತ್ತಾರೆ?

ಮಳೆ ಮುಗಿದು ಅಕ್ಟೋಬರಿನ ಬಿಸಿಲು ಬಂತು. ಮಾಕ್ ಟೆಸ್ಟುಗಳ ಕಾಲ. ಶನಿವಾರ ಟೆಸ್ಟು, ಸೋಮವಾರ ಬೋರ್ಡಿನ ಮೇಲೆ ಮೊದಲ ಹತ್ತು ಹೆಸರು. ನನ್ನ ಹೆಸರು ಮೂರು ನಾಲ್ಕರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಅಪೂರ್ವಾ ಒಮ್ಮೆ ಒಳಗೆ, ಒಮ್ಮೆ ಹೊರಗೆ. ಬೋರ್ಡಿನಲ್ಲಿ ಇಲ್ಲದ ದಿನ ಅವಳು ಕೆಳಗಿನ ಬೇಕರಿಯಲ್ಲಿ ದಿಲ್‌ಪಸಂದ್ ತಿನ್ನುತ್ತಾ ಕೂತಿರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ತಪ್ಪಾದ ಪ್ರಶ್ನೆಗಳನ್ನೆಲ್ಲ ಮತ್ತೆ ಬಿಡಿಸಿ ತೋರಿಸುತ್ತಿದ್ದೆ.

ಅಂಥದೊಂದು ಸೋಮವಾರ ಡೈರೆಕ್ಟರ್ ಸರ್ ಯಾವ ರ‍್ಯಾಂಕಿಗೆ ಯಾವ ಕಾಲೇಜು ಸಿಗಬಹುದೆಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಡುವೆ ನಿಲ್ಲಿಸಿ, "ಕ್ಯಾಟಗರಿ ಇರೋರೆಲ್ಲ ಒಂದ್ಸಲ ಕೈ ಎತ್ತಿ. ನಿಮ್ಮ ಕಟ್-ಆಫ್ ಬೇರೆ ಬರೀತೀನಿ" ಎಂದರು. ತುಂಬಿದ ಕ್ಲಾಸು. ಮುಂದಿನ ಸಾಲಿನ ಒಬ್ಬ ಹುಡುಗ ಅರ್ಧ ಕೈ ಎತ್ತಿದ. ನಾನು ಪೂರ್ತಿ ಎತ್ತಿದೆ. ಮನೆಯಲ್ಲಿ ನೀಲಿ ಕೋಟಿನವರ ಪಟದ ಕೆಳಗೆ ಕೂತು ಓದುವ ಹುಡುಗಿಗೆ ಕೈ ಇಳಿಸಿ ಕೂರುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿದ್ದ ಅಪೂರ್ವಾ ನನ್ನ ಮುಖ ನೋಡಲಿಲ್ಲ, ಎತ್ತಿದ ಕೈಯನ್ನು ನೋಡಿದಳು.

ಆಮೇಲೆ ಜಗಳವಿಲ್ಲ, ಕೋಪವಿಲ್ಲ. ಮಾತಿನ ನಡುವೆ ಒಂದೊಂದು ಸಾಲು ಬರತೊಡಗಿತು, ಅಷ್ಟೇ. ನಾನು ಒಂದು ಪ್ರಶ್ನೆ ತಪ್ಪಾಯಿತೆಂದು ಬೇಸರಪಟ್ಟರೆ, "ನೀನ್ಯಾಕೆ ಟೆನ್ಷನ್ ಮಾಡ್ಕೋತೀಯಾ? ನಿನಗಂತೂ ಆಗೇ ಆಗತ್ತೆ." ನಾನು ಭಾನುವಾರ ಇನ್ನೊಂದು ಪೇಪರ್ ಬಿಡಿಸೋಣವೆಂದರೆ, "ನನಗೆ ಬೇಕು, ಸರಿ. ನಿನಗ್ಯಾಕೆ ಇಷ್ಟೊಂದು?" ಪ್ರೀತಿಯಿಂದಲೇ ಅನ್ನುತ್ತಿದ್ದಳು. ಬೋರ್ಡಿನ ಮೇಲೆ ನನ್ನ ಹೆಸರು ಅವಳ ಹೆಸರಿಗಿಂತ ಮೇಲಿರುವುದನ್ನು ಇಬ್ಬರೂ ಒಟ್ಟಿಗೆ ನೋಡಿರುತ್ತಿದ್ದೆವು. ಆದರೂ ಅವಳಿಗೆ ನಾನು ಓದುತ್ತಿರುವುದು ಒಂದು ಹೆಚ್ಚುವರಿ ಶೋಕಿಯ ಹಾಗೆ ಕಾಣತೊಡಗಿತ್ತು. ಊರವರೆಲ್ಲ ಅಂದದ್ದಕ್ಕಿಂತ ಅವಳು ಅಂದದ್ದು ನನಗೆ ಹೆಚ್ಚು ಚುಚ್ಚಿತು. ದೀಪಾವಳಿ ಕಳೆದ ಮೇಲೆ ಭಾನುವಾರಗಳು ತಾವಾಗಿಯೇ ನಿಂತವು. ಅವರ ಮನೆಗೆ ನೆಂಟರು ಬಂದರು, ನನಗೆ ಜ್ವರ ಬಂತು, ಹೀಗೆ.

ಡಿಸೆಂಬರಿನಲ್ಲಿ ಪರೀಕ್ಷೆ. ನನಗೆ ಕೆ.ಆರ್. ಪುರಂ ಕಡೆಯ ಒಂದು ಕಾಲೇಜಿನಲ್ಲಿ ಪರೀಕ್ಷಾ ಕೇಂದ್ರ ಸಿಕ್ಕಿತ್ತು. ಅಪ್ಪ ರಜೆ ಹಾಕಿ ಜೊತೆಗೆ ಬಂದ. ಗೇಟಿನ ಹೊರಗೆ ಕಾರಿನಲ್ಲಿ ಬಂದ ಅಪ್ಪ ಅಮ್ಮಂದಿರ ನಡುವೆ ಟಿಫಿನ್ ಚೀಲ ಹಿಡಿದು ನಿಂತು, ಒಳಗೆ ಹೋಗುವಾಗ "ನಿಧಾನಕ್ಕೆ ಓದು, ತಡವರಿಸ್ಬೇಡ" ಎಂದ, ಸಂಪಾದಕೀಯ ಓದುವವಳಿಗೆ ಹೇಳಿದ ಹಾಗೆ. ಪೇಪರು ಉದ್ದವಿತ್ತು, ಕಷ್ಟವಿರಲಿಲ್ಲ. ಹೊರಗೆ ಬಂದಾಗ ಅಪ್ಪನ ಕೈಯಲ್ಲಿದ್ದ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಅಪೂರ್ವಾ. ಬಿಕ್ಕುತ್ತಿದ್ದಳು.

"ಪೇಪರ್ ಮುಗಿಸೋಕೇ ಆಗ್ಲಿಲ್ಲ ಕಣೇ. ಲೀಗಲ್‌ನಲ್ಲೇ ಸಿಕ್ಕಾಕೊಂಡ್ಬಿಟ್ಟೆ. ಕೊನೇ ಭಾಗ ನೋಡೇ ಇಲ್ಲ. ಅಮ್ಮಂಗೆ ಏನಂತ ಹೇಳ್ಲಿ?"

ಬಸ್ ಸ್ಟಾಪಿನಲ್ಲಿ ನಿಂತು, ಧೂಳಿನಲ್ಲಿ, ಎರಡು ಬಸ್ಸು ಬಿಟ್ಟು ಅವಳನ್ನು ಸಮಾಧಾನ ಮಾಡಿದೆ. ತಿಂಗಳುಗಳಿಂದ ನಮ್ಮ ನಡುವೆ ಬೆಳೆದಿದ್ದದ್ದು ಆ ಅಳುವಿನಲ್ಲಿ ಕೊಚ್ಚಿಕೊಂಡು ಹೋಯಿತೆಂದು ನಂಬಿದೆ.

ಫಲಿತಾಂಶ ಬಂದಾಗ ನನ್ನ ಅಖಿಲ ಭಾರತ ರ‍್ಯಾಂಕು ಮೂರಂಕಿಯದು. ನಾನು ಬಯಸಿದ್ದ ಕಾಲೇಜಿನಲ್ಲಿ ಸಾಮಾನ್ಯ ವರ್ಗದ ಸೀಟೇ ಸಿಗುವಂಥದು, ಮುಂದೆ ಸಿಕ್ಕಿದ್ದೂ ಅದೇ. ಅಪೂರ್ವಾಳದು ಐದಂಕಿಯದು. ಫೋನ್ ಮಾಡಿದೆ, ಎತ್ತಲಿಲ್ಲ. "ಸಾರಿ, ಮಾತಾಡೋ ಮೂಡ್ ಇಲ್ಲ. ಕಂಗ್ರಾಟ್ಸ್" ಎಂದು ಮೆಸೇಜು ಬಂತು.

ಅಮ್ಮ ಆಸ್ಪತ್ರೆಯ ಗೆಳತಿಯರಿಗೆ ಮೈಸೂರು ಪಾಕು ಹಂಚಿದಳು. ಅಪ್ಪ ಏನೂ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸಲು ಎರಡು ಸಲ ಹೆಸರು ಕೂಗಿ, ಮೂರನೇ ಸಲ ಕೂಗದೆ ಬಚ್ಚಲಿಗೆ ಹೋಗಿಬಿಟ್ಟ.

ಹೊಸ ವರ್ಷ ಹುಟ್ಟಿದ ಮೇಲೆ ಕೋಚಿಂಗ್ ಕ್ಲಾಸಿನ ಗೋಡೆಗೆ ದೊಡ್ಡ ಫ್ಲೆಕ್ಸ್ ಬಂತು. ನನ್ನ ಫೋಟೋ ಹಾಕಿದ್ದಾರೆಂದು ಗೊತ್ತಾಗಿ ಅಪ್ಪ ಕೋರ್ಟು ಮುಗಿಸಿ ಸೀದಾ ಬಿಳಿ ಸಮವಸ್ತ್ರದಲ್ಲೇ ಇಂದಿರಾನಗರಕ್ಕೆ ಬಂದ. ನಾನು ಮೆಟ್ರೋ ಸ್ಟೇಷನ್ನಿನ ಬಳಿ ಕಾದಿದ್ದು ಕರೆದುಕೊಂಡು ಹೋದೆ. ಫ್ಲೆಕ್ಸಿನಲ್ಲಿ ಹತ್ತಾರು ಮುಖಗಳು, ಒಂದೊಂದರ ಕೆಳಗೂ ಹೆಸರು, ರ‍್ಯಾಂಕು. ನನ್ನ ಹೆಸರಿನ ಕೆಳಗೆ ಅಖಿಲ ಭಾರತ ರ‍್ಯಾಂಕು ಇರಲಿಲ್ಲ. ನನ್ನ ವರ್ಗದೊಳಗಿನ ರ‍್ಯಾಂಕು ಇತ್ತು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಎಸ್‌ಸಿ ಎಂದಿತ್ತು. ಉಳಿದವರಾರ ಹೆಸರಿನ ಮುಂದೆಯೂ ಅವರು ಏನೆಂದು ಬರೆದಿರಲಿಲ್ಲ.

ಅಪ್ಪ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದ. ಆ ಎರಡು ಅಕ್ಷರಗಳ ಹತ್ತಿರ ಬಂದಾಗ ಅವನ ತುಟಿ ನಿಂತಿತು. "ಹೆಸ್ರು ಸರಿಯಾಗ್ ಬರ್ದವ್ರೆ ಬುಡು" ಎಂದ. ಆಮೇಲೆ ಫ್ಲೆಕ್ಸಿನ ಕೆಳಗೆ ನಿಂತು, "ಒಂದ್ ಫೋಟೋ ತೆಗಿಯಮ್ಮ, ನಾಳೆ ಕೋರ್ಟಲ್ಲಿ ತೋರಿಸ್ಬೇಕು" ಎಂದು ಟೋಪಿ ಸರಿಮಾಡಿಕೊಂಡ. ತೆಗೆದೆ. ಅವನು ನಕ್ಕಿದ್ದ.

ಮಾರನೆಯ ದಿನ ನಾನೊಬ್ಬಳೇ ಡೈರೆಕ್ಟರ್ ಸರ್ ಕೋಣೆಗೆ ಹೋದೆ. "ಸರ್, ನನ್ನ ಆಲ್ ಇಂಡಿಯಾ ರ‍್ಯಾಂಕ್ ಹಾಕಿ. ನನ್ನ ಪಕ್ಕದ ಹುಡುಗನದಕ್ಕಿಂತ ಅದು ಚೆನ್ನಾಗಿದೆ" ಎಂದೆ.

"ಗೊತ್ತಮ್ಮಾ, ಯಾರಿಲ್ಲ ಅಂದ್ರು? ಆದ್ರೆ ಅದು ಮೂರಂಕಿ. ಇದು ಒಂದೇ ಅಂಕಿ, ದೂರದಿಂದ ಕಾಣತ್ತೆ. ಮೆಟ್ರೋದಲ್ಲಿ ಹೋಗೋರ ಕಣ್ಣಿಗೂ ಬೀಳತ್ತೆ."

"ಹಾಗಾದ್ರೆ ಎಲ್ರದ್ದೂ ಹಾಗೇ ಹಾಕ್ಬೇಕಿತ್ತು. ನನ್ನ ಮುಂದೆ ಮಾತ್ರ ಯಾಕೆ ಸರ್?"

ಅವರ ನಗು ಸ್ವಲ್ಪ ಒಣಗಿತು. "ಕೈ ಎತ್ತು ಅಂದಾಗ ಎತ್ತಿದ್ದೆ. ಆಗ ಇಲ್ಲದ ನಾಚಿಕೆ ಈಗ್ಯಾಕೆ? ನಿಮ್ಮ ಕಡೆ ಮಕ್ಕಳಿಗೂ ಸ್ಫೂರ್ತಿ ಆಗತ್ತೆ ಅಂತ ಹಾಕಿದ್ದು."

"ನಾಚಿಕೆ ಅಲ್ಲ ಸರ್. ನಾನು ಬರೆದಿದ್ದು ಎಲ್ಲರೂ ಬರೆದ ಪೇಪರನ್ನೇ. ಎಲ್ಲರ ನಡುವೆ ನನಗೆ ಬಂದ ಜಾಗ ಯಾವುದೋ ಅದನ್ನ ಹಾಕಿ."

"ನೋಡೋಣ" ಎಂದರು.

ಅವರು ನೋಡಿದ ರೀತಿ ನನಗೆ ಗೊತ್ತಾಗಿದ್ದು ಅಪ್ಪನಿಂದ. ಅದೂ ಅವನು ಹೇಳಿದ್ದಲ್ಲ. ಅವನ ಜೊತೆ ಕೆಲಸ ಮಾಡುವ ನಂಜುಂಡಪ್ಪ ಮಾಮ ಒಂದು ದಿನ ಮನೆಗೆ ಬಂದಾಗ ಬಾಯಿ ತಪ್ಪಿ ಆಡಿದರು. ಅಪ್ಪ ಅವರನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಫ್ಲೆಕ್ಸ್ ತೋರಿಸಲು ಇಂದಿರಾನಗರಕ್ಕೆ ಹೋಗಿದ್ದನಂತೆ. ಗೋಡೆಯ ಮೇಲೆ ಹೊಸ ಫ್ಲೆಕ್ಸ್ ಇತ್ತಂತೆ. ಎಲ್ಲ ಮುಖಗಳೂ ಇದ್ದವು, ನನ್ನದಿರಲಿಲ್ಲ. ಅಪ್ಪ ಎರಡು ಸಲ ಮೊದಲಿಂದ ಕೊನೆಯವರೆಗೆ ಹುಡುಕಿ, "ಜಾಗ ಸಾಲ್ದೆ ತೆಗ್ದವ್ರೆ ಕಣ್ರಪ್ಪ" ಎಂದು ಹೇಳಿ, ಎಲ್ಲರಿಗೂ ಬೇಕರಿಯಲ್ಲಿ ಟೀ ಕೊಡಿಸಿ ಕರೆದುಕೊಂಡು ಬಂದನಂತೆ. ನಂಜುಂಡಪ್ಪ ಮಾಮ ಇದನ್ನು ಹೇಳುವಾಗ ಅಪ್ಪ ಟಿವಿಯ ಸದ್ದು ಜೋರು ಮಾಡಿದ.

ಅಷ್ಟರಲ್ಲಿ ಅಪೂರ್ವಾ ನಗರದಲ್ಲೇ ಒಂದು ಖಾಸಗಿ ಕಾನೂನು ಕಾಲೇಜಿಗೆ ಸೇರುವುದೆಂದಾಗಿತ್ತು. ಒಂದು ಸಂಜೆ ತಾನೇ ಫೋನ್ ಮಾಡಿ ಹಲಸೂರು ಕೆರೆಯ ಹತ್ತಿರ ಬಂದಳು. ತಂತಿಬೇಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆವು. ತೆಳ್ಳಗಾಗಿದ್ದಳು. ಬಹಳ ಹೊತ್ತು ಏನೇನೋ ಮಾತಾಡಿ ಕೊನೆಗೆ ವಿಷಯಕ್ಕೆ ಬಂದಳು.

"ಅಮ್ಮ ಆ ಫ್ಲೆಕ್ಸ್ ನೋಡಿದ್ಲು ಕಣೇ. ಮನೇಲಿ ಒಂದೇ ಗಲಾಟೆ. 'ಇಬ್ಬರೂ ಕೂಡೇ ಓದಿದ್ರಿ, ಆಕಿಗೆ ಕೋಟಾದಾಗ ಸಿಕ್ತು, ನಿನಗ ತಪ್ಪಿತು' ಅಂತ ಬಂದೋರಿಗೆಲ್ಲ ಹೇಳ್ತಿದಾಳೆ."

"ನೀನೇನಂದೆ?"

ಅವಳು ಕೆರೆಯ ಕಡೆ ನೋಡಿದಳು. "ಏನೂ ಅನ್ಲಿಲ್ಲ."

"ನನ್ನ ರ‍್ಯಾಂಕ್ ನಿನಗೆ ಗೊತ್ತಲ್ವಾ? ನಿನಗೆ ಯಾಕೆ ತಪ್ಪಿತು ಅನ್ನೋದೂ ಗೊತ್ತು. ಕೊನೇ ಭಾಗ ನೋಡೇ ಇಲ್ಲ ಅಂತ ನೀನೇ ಅತ್ತಿದ್ದೆ."

"ಗೊತ್ತು ಕಣೇ. ಅದನ್ನೇ ಹೇಳೋಕೆ ಬಂದೆ." ನನ್ನ ಕೈ ಹಿಡಿದುಕೊಂಡಳು. "ಅಮ್ಮ ಹಂಗಂದ್ಕೊಂಡ್ರೆ ನನ್ನ ಬೈಯೋದಿಲ್ಲ. ಪೇಪರ್ ಮುಗಿಸಿಲ್ಲ ಅಂತ ಗೊತ್ತಾದ್ರೆ ಮನೇಲಿ ನನಗೆ ಉಳಿಗಾಲ ಇಲ್ಲ. ನಿನಗೇನು ಇದ್ರಿಂದ? ನಿನಗೆ ಸೀಟ್ ಸಿಕ್ಕಾಯ್ತು, ನೀನು ಹೋಗ್ತೀಯಾ. ಅಮ್ಮ ಏನಾದ್ರೂ ಅಂದ್ರೆ ತಿರುಗಿ ಹೇಳ್ಬೇಡ. ಪ್ಲೀಸ್."

ಅವಳು ಕೇಳುತ್ತಿರುವುದು ಏನೆಂದು ಅವಳಿಗೆ ತಿಳಿದಿತ್ತೇ? ತಿಳಿದಿತ್ತೆಂದೇ ಈಗ ಅನ್ನಿಸುತ್ತದೆ. ತಿಳಿದೇ, ಅದು ದೊಡ್ಡದೇನಲ್ಲ ಎಂದುಕೊಂಡಿದ್ದಳು. ಆದರೆ ನಾನು ಅವತ್ತು ಹದಿನೆಂಟು ತುಂಬಿರದ ಹುಡುಗಿ, ಎದುರಿಗೆ ಅಳುತ್ತಿದ್ದವಳು ನನ್ನ ಉಚ್ಚಾರವನ್ನು ನಗದೆ ತಿದ್ದಿದ್ದವಳು. "ಆಯ್ತು" ಎಂದೆ. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಮೂಗೊರೆಸಿಕೊಂಡಳು.

ಆ ಮಳೆಗಾಲದಲ್ಲಿ ನಾನು ಬೇರೆ ರಾಜ್ಯದ ಕಾಲೇಜಿಗೆ ಹೊರಟೆ. ಅಪೂರ್ವಾಳಿಗೆ ಮೊದಲ ತಿಂಗಳು ಮೆಸೇಜು ಮಾಡುತ್ತಿದ್ದೆ. ಒಂದು ಸಾಲಿನ ಉತ್ತರ, ಆಮೇಲೆ ಬರಿಯ ಚಿಹ್ನೆ, ಆಮೇಲೆ ಅದೂ ಇಲ್ಲ. ನನ್ನನ್ನು ಕಂಡರೆ ಅವಳಿಗೆ ತಾನು ಕೇಳಿಕೊಂಡದ್ದು ನೆನಪಾಗುತ್ತಿತ್ತೇನೋ. ನಮಗೆ ಅನ್ಯಾಯ ಮಾಡಿದವರನ್ನು ನಾವು ಕ್ಷಮಿಸಬಹುದು, ಅವರು ನಮ್ಮನ್ನು ಕ್ಷಮಿಸುವುದು ಕಷ್ಟ.

ಕಳೆದ ದೀಪಾವಳಿಗೆ ಊರಿಗೆ ಬಂದವಳು ಬೈಯಪ್ಪನಹಳ್ಳಿ ಸ್ಟೇಷನ್ನಿನಲ್ಲಿ ಮೆಟ್ರೋಗೆ ಕಾಯುತ್ತಿದ್ದೆ. "ಅಯ್ಯ, ಸುಜಾತಾ ಅಲ್ಲೇನ?" ಎಂಬ ದನಿ. ಅಪೂರ್ವಾಳ ಅಮ್ಮ. ಜೊತೆಗೆ ಅವರ ವಯಸ್ಸಿನ ಇನ್ನೊಬ್ಬ ಹೆಂಗಸು, ಇಬ್ಬರ ಕೈಯಲ್ಲೂ ಸೀರೆ ಅಂಗಡಿಯ ಚೀಲ. ನನ್ನ ಗಲ್ಲ ಸವರಿ, "ಎಷ್ಟ ಸೊರಗೀ ಅವ್ವಾ, ಹಾಸ್ಟೆಲ್ ಊಟ ಏನ?" ಎಂದು ಮೊದಲಿನಷ್ಟೇ ಅಕ್ಕರೆಯಿಂದ ಕೇಳಿದರು. ಆಮೇಲೆ ಜೊತೆಯವರಿಗೆ ಪರಿಚಯಿಸಿದರು. "ಈಕಿ ನಮ್ಮ ಅಪೂರ್ವಾನ ಗೆಳತಿ. ಇಬ್ಬರೂ ಕೂಡೇ ಓದಿದ್ದು. ದೊಡ್ಡ ಕಾಲೇಜಿನ್ಯಾಗ ಅದಾಳ. ಇವರಿಗೆ ಸರಳ ಆಗ್ತದಲ್ರಿ. ನಮ್ಮ ಮಕ್ಕಳಿಗೆ ಎಷ್ಟ ಓದಿದ್ರೂ ಅಷ್ಟ." ದನಿಯಲ್ಲಿ ದ್ವೇಷವಿರಲಿಲ್ಲ. ಹವೆಯ ಬಗ್ಗೆ ಮಾತಾಡಿದಂತಿತ್ತು. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು.

ನಾನು ತಿರುಗಿ ಮಾತಾಡುತ್ತೇನೆಂದು ಅಂದುಕೊಂಡಿರಲಿಲ್ಲ. ಆಡಿದೆ. "ಆಂಟಿ, ನನಗೆ ಸಿಕ್ಕಿದ್ದು ಜನರಲ್ ಸೀಟು. ಕೋಟಾ ಅಲ್ಲ. ಕೋಟಾದಲ್ಲಿ ಸಿಕ್ಕಿದ್ರೂ ಅದು ಸರಳ ಅಲ್ಲ, ಆ ಮಾತು ಬೇರೆ. ಅಪೂರ್ವಾ ಪೇಪರ್ ಮುಗಿಸಿರಲಿಲ್ಲ. ಅವಳನ್ನೇ ಕೇಳಿ."

ಅವರ ನಗು ಮುಖದ ಮೇಲೆ ಹಾಗೇ ಉಳಿದು, ಕಣ್ಣುಗಳು ಮಾತ್ರ ಬೇರೆಯಾದವು. "ಇರಲಿ ಬಿಡವ್ವಾ, ನಮಗ ಅದೆಲ್ಲಾ ಎಲ್ಲಿ ತಿಳೀತದ" ಎಂದರು. ರೈಲು ಬಂತು. ನನ್ನ ಬೋಗಿ ಬಿಟ್ಟು ಮುಂದಿನದಕ್ಕೆ ಇಬ್ಬರೂ ಬೇಗಬೇಗ ನಡೆದರು.

ಹಲಸೂರಿನಲ್ಲಿ ಇಳಿದು ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನು ಮಿಡಿಯಿತು. ಎಷ್ಟೋ ಕಾಲದ ಮೇಲೆ ಅಪೂರ್ವಾಳ ಹೆಸರು. ನಿಂತಲ್ಲೇ ತೆಗೆದು ನೋಡಿದೆ. ಒಂದೇ ಸಾಲು ಇತ್ತು.

"ನೀನು ಹಿಂಗೆ ಮಾಡ್ತೀಯಾ ಅಂತ ಅಂದ್ಕೊಂಡಿರ್ಲಿಲ್ಲ. ನನಗೆ ಮಾತು ಕೊಟ್ಟಿದ್ದೆ."